ಟೈಲ್ಸ್ ಮೇಸ್ತ್ರಿಯ ಮಂಡಿ

ಮೂಳೆ ಡಾಕ್ಟರ ಕೋಣೆಯ ಹೊರಗೆ ಬೆಂಚಿನ ತುದಿಯಲ್ಲಿ ಸರದಿಗೆ ಕಾಯುತ್ತಿದ್ದ ಹುಡುಗಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಕಿವಿ ಮಾತ್ರ ಪಕ್ಕಕ್ಕೇ ಇತ್ತು. ಅಲ್ಲಿ ಟೈಲ್ಸ್ ಹಾಕುವ ಮೇಸ್ತ್ರಿಯೊಬ್ಬ ಮಂಡಿ ನೀವಿಕೊಳ್ಳುತ್ತಿದ್ದ. ಜೊತೆಗೆ ಬಂದಿದ್ದ ಅತ್ತಿಗೆ ಬಿಡುವಂತೆ ಕಾಣಲಿಲ್ಲ.

"ಮಂಡಿ ಊರೋ ಕೆಲಸ ಬಿಡು ಅಂತ ಡಾಕ್ಟ್ರು ಹೋದ ಸಲವೇ ಹೇಳಿದಾರೆ. ನಮ್ಮ ಆಫೀಸಿಗೆ ಬಾರಪ್ಪ. ಕುರ್ಚಿ ಇದೆ, ಫ್ಯಾನಿದೆ, ಸಂಜೆ ಹೊತ್ತಿಗೆ ಮನೆ."

"ನಿಮ್ದು ದಿನವಿಡೀ ಫೋನಲ್ಲಿ ಗಿರಾಕಿಗಳ ಹತ್ರ ಬೈಸ್ಕೊಳ್ಳೋ ಕೆಲಸ ಅತ್ತಿಗೆ."

"ಬೈಗುಳ ಏನು ಮೈಗೆ ಅಂಟ್ಕೊಳ್ಳುತ್ತಾ?"

"ಮತ್ತೆ ನೀವು ಮನೆಗೆ ಬಂದ್ಮೇಲೆ ಒಂದು ಗಂಟೆ ಯಾರೂ ಮಾತಾಡಿಸಬಾರದು ಅಂತ ಅಣ್ಣ ಯಾಕೆ ಹೇಳ್ತಾನೆ?"

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. "ಅವರ ಬಾಯಿಗೆ ಬೀಗ ಇಲ್ಲ. ಹೌದು ಕಣೋ, ಫೋನಿಟ್ಟ ಮೇಲೂ ತಲೆಯೊಳಗೆ ಯಾರೋ ಕೂಗಾಡ್ತಿರ್ತಾರೆ."

"ನಂಗೆ ಹಾಗಿಲ್ಲ. ಮಂಡಿ ನೋಯುತ್ತೆ, ತಲೆ ತಣ್ಣಗಿರುತ್ತೆ. ದಿಂಬು ಸಿಕ್ಕಿದ್ರೆ ಗೊರಕೆ."

"ಹಂಗಂತ ಮಂಡಿ ಪೂರ್ತಿ ಕಳ್ಕೊಂಡು ಮೂಲೆಗೆ ಕೂತರೆ ಮಕ್ಕಳ ಗತಿ?"

"ನೆಲದ ಕೆಲಸ ಪೂರ್ತಿ ತಮ್ಮನಿಗೆ ಬಿಟ್ಟೆ ಅತ್ತಿಗೆ. ಇನ್ಮೇಲೆ ನಂದು ಬರೀ ಗೋಡೆ. ನಿಂತ್ಕೊಂಡೇ ಹಾಕ್ತೀನಿ."

"ಗೋಡೆಯ ಕೆಳಗಿನ ಸಾಲು? ಅದಕ್ಕೆ ಬಗ್ಗಲೇಬೇಕಲ್ಲ?"

"ಅದು ನೆಲ ಆದ್ಮೇಲೆ ಕೊನೆಗೆ ಹಾಕೋದು. ಅವನೇ ಹಾಕ್ತಾನೆ, ಒಪ್ಪಿದಾನೆ."

ಅಷ್ಟರಲ್ಲಿ ನರ್ಸ್ ಕರೆದಳು. ಅತ್ತಿಗೆ ಮೊದಲು ಎದ್ದು ಹೆಗಲು ಕೊಟ್ಟಳು.

"ನಡಿ, ಡಾಕ್ಟ್ರಿಗೂ ಇದನ್ನೇ ಹೇಳು. ಅವರು ಬೈದ್ರೆ ನಾನಿದೀನಿ, ನಂಗೆ ಅಭ್ಯಾಸ."