ತಿರುಗದ ಡ್ರಮ್

ನಗೋದಾದ್ರೆ ಈಗಲೇ ನಕ್ಕುಬಿಡಿ. ಮಧ್ಯದಲ್ಲಿ ಬಾಯಿ ಹಾಕಬೇಡಿ. ಇದು ನಮ್ಮ ದೊಡ್ಡಮ್ಮನ ಮಗನಿಗೆ ಆಗಿದ್ದು.

ಅವತ್ತು ರಾತ್ರಿ ಹಾಳುಬಾವಿ ಪಕ್ಕದ ದಾರೀಲಿ ನಾವಿಬ್ಬರೇ ಬರ್ತಿದ್ವಿ. ದೊಡ್ಡ ಪೆಟ್ಟಿಗೆ, ಒಂದು ತುದಿ ನಾನು, ಇನ್ನೊಂದು ತುದಿ ಅಣ್ಣ. ಒಳಗೆ ಕೊಳದ ನೀರು ಸೋಸೋ ಡ್ರಮ್ ಫಿಲ್ಟರ್. ಅತ್ತಿಗೆ ತೀರಿಹೋದಮೇಲೆ ಅಣ್ಣ ಅಳಲಿಲ್ಲ. ಇಟ್ಟರೆ ಉಣ್ತಿದ್ದ, ಇಡದಿದ್ದರೆ ಇಲ್ಲ. ಕೇಳಿದರೆ, "ಏನೂ ಅನ್ನಿಸ್ತಿಲ್ಲ ಕಣೋ" ಅಂತಿದ್ದ.

ಕೈತೋಟದ ಆ ಕೊಳ ಅತ್ತಿಗೇದು. ದಿನಾ ಊಟ ಆದಮೇಲೆ ಹಳೇ ಫಿಲ್ಟರಿನ ಸ್ಪಂಜು ತೆಗೆದು ಬಕೆಟ್ಟಲ್ಲಿ ಹಿಂಡ್ತಿದ್ರು. ಅವರಿಲ್ಲದೆ ನೀರು ಹಸಿರಾಯ್ತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ವು. ಅವೂ ಹೋದ್ರೆ ಅತ್ತಿಗೇದು ಅಂತ ಆ ಮನೇಲಿ ಉಸಿರಾಡೋದು ಏನೂ ಉಳಿಯಲ್ಲ.

ಅಂಗಡಿಯವನು ಸಣ್ಣದು, ದೊಡ್ಡದು ಎರಡೂ ತೋರಿಸಿದ್ದ. ನೀರೆಷ್ಟು, ಮೀನೆಷ್ಟು ಅಂತ ಕೇಳಿದ್ರೆ ಅಣ್ಣನಿಗೆ ಒಂದೂ ಗೊತ್ತಿಲ್ಲ. ಅಂಗಡಿ ಮುಚ್ಚೋ ಹೊತ್ತಾಯ್ತು.

"ತೊಳೆಯೋಕೆ ಅಂತ ಯಾವುದಕ್ಕೆ ಕೈ ಹಾಕೋದೇ ಬೇಡ?" ಅಂದ ಅಣ್ಣ.

"ದೊಡ್ಡದಕ್ಕೆ. ಜಾಲರಿಗೆ ಕೊಳೆ ಕಟ್ಟಿದ ಕೂಡಲೇ ಡ್ರಮ್ ತಾನೇ ತಿರುಗಿ, ನೀರು ಚಿಮ್ಮಿಸಿ ತೊಳ್ಕೊಳ್ಳತ್ತೆ."

"ಅದೇ ಕೊಡಿ."

ಬಾವಿ ಹತ್ರ ಬಂದಾಗ ಅಣ್ಣ ನಿಂತ. ಪಿಸುಗುಟ್ಟಿದ.

"ಕೇಳಿಸ್ತಾ?"

"ಏನು?"

"ಸ್ಪಂಜು ಹಿಂಡೋ ಸದ್ದು..."

ನನಗೇನೂ ಕೇಳಿಸಲಿಲ್ಲ. ಬೇಗ ಬೇಗ ಹೆಜ್ಜೆ ಹಾಕಿದ್ವಿ.

ಹೊಸ ಫಿಲ್ಟರ್ ಹಾಕಿದ್ವಿ. ಡ್ರಮ್ ತಿರುಗಲೇ ಇಲ್ಲ. ನೀರು ಮಾತ್ರ ದಿನಾ ತಿಳಿಯಾಗ್ತಾ ಬಂತು. ಅಂಗಡಿಯವನನ್ನ ಕರೆಸಿದ್ರೆ, ಮುಚ್ಚಳ ತೆಗೆದು ನೋಡಿ ರೇಗಿದ.

"ಮೆಷಿನ್ ಸರಿಯಾಗೇ ಇದೆ. ಜಾಲರೀಲಿ ಚೂರೂ ಕೊಳೆ ಇಲ್ಲ. ಕೊಳೆ ಕಟ್ಟಿದ್ರೆ ತಾನೇ ತಿರುಗೋದು? ದಿನಾ ಕೈಯಲ್ಲಿ ಯಾಕ್ರೀ ತೊಳೀತೀರಿ?"

ಅಣ್ಣ ನನ್ನ ಮುಖ ನೋಡಿದ. ನಾವಿಬ್ಬರೂ ಅದನ್ನ ಮುಟ್ಟೇ ಇರಲಿಲ್ಲ.

ಆ ರಾತ್ರಿ ದೀಪ ಆರಿಸಿ ಇಬ್ಬರೂ ಹಿಂಬಾಗಿಲಲ್ಲಿ ಕೂತ್ವಿ. ಟಕ್... ಮುಚ್ಚಳದ ಕ್ಲಿಪ್ಪು ಬಿಚ್ಚಿತು. ಆಮೇಲೆ ಸರ್... ಸರ್... ಜಾಲರಿ ಮೇಲೆ ಅಂಗೈ ಉಜ್ಜೋ ಸದ್ದು. ಬೆಳದಿಂಗಳಲ್ಲಿ ನೋಡಿದ್ರೆ ಅಲ್ಲಿ ಯಾರೂ ಇಲ್ಲ. ನಾನು ಒಳಕ್ಕೆ ಸರಿದೆ. ಅಣ್ಣ ಮಾತ್ರ ಮೆಲ್ಲಗೆ ಅಂದ, "ಸಾಕು ಬಿಡೇ. ಇನ್ಮೇಲೆ ಅದೇ ತೊಳ್ಕೊಳ್ಳತ್ತೆ. ನೀನು ಮಲಗು..."

ಸದ್ದು ನಿಂತಿತು.

ಮಾರನೇ ದಿನ ಮೊದಲ ಸಲ ಡ್ರಮ್ ತಿರುಗಿತು. ಗರ್ರ್... ಚುಸ್ಸ್... ಅಣ್ಣ ಅದನ್ನ ಕೇಳ್ತಾ ಕೂತ. ಸಂಜೆವರೆಗೂ ಕೂತೇ ಇದ್ದ. ಆಮೇಲೆ ಎದ್ದು ಹೋಗಿ ಡ್ರಮ್ಮಿನ ಕರೆಂಟ್ ಪ್ಲಗ್ ಕಿತ್ತ.

"ಜಾಲರಿ ಕಟ್ಟಿಕೊಂಡ್ರೆ ಮೀನು ಸಾಯ್ತವೆ ಕಣಣ್ಣ," ಅಂತ ಬೈದೆ.

"ಅವಳು ಸಾಯೋಕೆ ಬಿಡಲ್ಲ," ಅಂದ. ಆಗ ಅತ್ತ. ಅತ್ತಿಗೆ ಹೋದಮೇಲೆ ಮೊದಲನೇ ಸಲ.

ಇದಾಗಿ ಎಷ್ಟೋ ಕಾಲ ಆಯ್ತು. ನಂಬದಿದ್ರೆ ಬಿಡಿ, ನನಗೇನು ನಷ್ಟ? ನಡೆದಿದ್ದು ನಡೆದ ಹಾಗೇ ಹೇಳಿದೀನಿ. ಮೊನ್ನೆ ಕೂಡ ಹೋಗಿ ನೋಡಿ ಬಂದೆ. ಆ ಪ್ಲಗ್ ಇನ್ನೂ ಹೊರಗೇ ಇದೆ, ಧೂಳು ಹಿಡಿದಿದೆ. ಕೊಳದ ತುಂಬಾ ಮರಿಮೀನು ಓಡಾಡ್ತಿವೆ.