ನಿಂತಲ್ಲಿ ನಿಲ್ಲದ ಗ್ರಾಹಕಗಳು

...ಅಲ್ಲ ಸಾಜಿದಾ, ನಿನ್ನ ಬಟ್ಟೆ ಅಂಗಡಿಗೆ ಬರೋ ಗ್ರಾಹಕ ಅಲ್ಲ. ನಗೋದು ಯಾಕೆ? ರಿಸೆಪ್ಟರ್‌ಗೆ ಕನ್ನಡದಲ್ಲಿ ಗ್ರಾಹಕ ಅಂತಲೇ ಹೇಳೋದು. ಅಂಗಡಿಗೆ ಬಂದರೆ ಗ್ರಾಹಕರು, ನರಕೋಶದ ಮೇಲಿದ್ದರೆ ಗ್ರಾಹಕಗಳು. ವ್ಯಾಕರಣ ಗಮನಿಸು. ಪಿಯುಸಿಯಲ್ಲಿ ನಾನೇ ಪಾಠ ಮಾಡಿದ್ದೆ, ನೀನೂ ನನ್ನ ಮಗಳು ಮಮತಾನೂ ಒಂದೇ ಬೆಂಚು. ನೀನು ಆವತ್ತೂ ನಕ್ಕಿದ್ದೆ.

ಕೂತ್ಕೋ. ಮಮತಾ ಮಲಗಿದಾಳೆ. ನ್ಯಾಮತಿಗೆ ಈಗಲೇ ಕರ್ಕೊಂಡು ಹೋಗ್ತೀನಿ ಅಂತೀಯಲ್ಲ, ಮೊದಲು ಅವಳಿಗೆ ಏನಾಗಿತ್ತು ಅಂತ ಸರಿಯಾಗಿ ತಿಳ್ಕೋ. ನಿಮ್ಮ ಮಹಡಿ ಮೇಲಿನ ರೂಮಲ್ಲಿ ಬಾಡಿಗೆಗಿದ್ದು, ನಿಮ್ಮೂರ ಸ್ಕೂಲಲ್ಲಿ ಪಾಠ ಹೇಳ್ತಿದ್ದವಳು. ನಾಳೆ ಯಾರಾದರೂ ನಿನ್ನ ಅಂಗಡಿಯಲ್ಲಿ ಕೂತು, ಟೀಚರಮ್ಮಂಗೆ ತಲೆ ಕೆಟ್ಟಿತ್ತಂತೆ ಅಂದರೆ ನಿನಗೆ ಉತ್ತರ ಕೊಡೋಕೆ ಬರಬೇಕು.

ಕೇಳು. ನರಕೋಶದ ಹೊದಿಕೆ ಗೋಡೆಯ ಹಾಗಲ್ಲ, ಎಣ್ಣೆಯ ಹಾಗೆ. ಈ ಗ್ರಾಹಕಗಳು ಅದರಲ್ಲಿ ತೇಲ್ತಾ ಓಡಾಡ್ತಾವೆ. ಪುಸ್ತಕದ ಚಿತ್ರದಲ್ಲಿ ಮೊಳೆ ಹೊಡೆದ ಹಾಗೆ ಒಂದೇ ಕಡೆ ಇರ್ತಾವಲ್ಲ, ಅದು ಚಿತ್ರ ಬರೆದವನ ಸೋಮಾರಿತನ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸೋ ಸಂಧಿ ಅಂತ ಇದೆ. ಅಲ್ಲಿಗೆ ಬಂದಾಗ ನಿಲ್ತಾವೆ, ಸುದ್ದಿ ಹಿಡೀತಾವೆ, ಮತ್ತೆ ಹೊರಡ್ತಾವೆ... ಹೌದು, ನಿನ್ನ ಅಂಗಡಿ ಮುಂದಿನ ಹೆಂಗಸರ ಹಾಗೇ. ಬಂದರು, ನಿಂತರು, ಸೀರೆ ಮುಟ್ಟಿ ನೋಡಿದರು, ಹೋದರು. ಸರಿ, ಹಾಗೇ ಅಂದ್ಕೋ.

ಮಮತಾಳ ಮೈಯಲ್ಲಿ ಪ್ರತಿಕಾಯಗಳು, ಅದೇ ಆಂಟಿಬಾಡಿಗಳು, ಹುಟ್ಟಿದವು. ಅವಕ್ಕೆ ಎರಡೆರಡು ಕೈ. ಒಂದೊಂದು ಕೈಯಲ್ಲಿ ಒಂದೊಂದು ಗ್ರಾಹಕವನ್ನು ಹಿಡಿದು, ಜೋಡಿ ಕಟ್ಟಿ, ಸಂಧಿಯಿಂದ ಆಚೆ ಎಳೆದು, ಕೋಶದ ಒಳಗೇ ಮುಳುಗಿಸಿಬಿಟ್ಟವು. ಸುದ್ದಿ ಬರ್ತಾ ಇದೆ, ಹಿಡಿಯೋರಿಲ್ಲ. ಅದಕ್ಕೇ ಅವಳು ನಿದ್ದೆ ಬಿಟ್ಟಿದ್ದು, ಬಾಯಿಗೆ ಬಂದದ್ದು ಆಡಿದ್ದು. ಇದರಲ್ಲಿ ದೆವ್ವ ಎಲ್ಲಿಂದ ಬಂತು?

ಆದರೆ ನಮ್ಮ ನಾದಿನಿ ಇದಾಳಲ್ಲ, ಚನ್ನಗಿರಿಯ ಅಂತರಘಟ್ಟಮ್ಮ... "ಅತ್ತಿಗೆಮ್ಮ, ಮೈಮ್ಯಾಲೆ ಬಂದೈತೆ, ನೀವು ಸುಮ್ನಿರ್ರಿ" ಅಂತ ಕೆಂಡ ತಂದು ಮೆಣಸಿನಕಾಯಿ ಹೊಗೆ ಹಾಕಿದಳು. ನನ್ನ ಮನೆಯ ಹಾಲ್‌ನಲ್ಲಿ. ಪರದೆಯಿಂದ ಘಾಟು ಇನ್ನೂ ಹೋಗಿಲ್ಲ. ಅವಳ ಗಂಡ ಕೆಂಚೇಶ್ ಮೊಬೈಲ್ ಹಿಡಿದು ವಿಡಿಯೋ ಮಾಡ್ತಾ ನಿಂತಿದ್ದ. ಹುಡುಗಿಯ ನೈಟಿ ಮೊಣಕಾಲಿನ ಮೇಲೆ, ಬಾಯಲ್ಲಿ ಜೊಲ್ಲು... ಥೂ. ಮನುಷ್ಯರಾ ಇವರು?

ದಾವಣಗೆರೆಯಲ್ಲಿ ಅಂಡಾಶಯದಿಂದ ಒಂದು ಗೆಡ್ಡೆ ತೆಗೆದರು. ಒಳಗೆ ಕೂದಲು, ಒಂದು ಹಲ್ಲು. ಮುಖ ಯಾಕೆ ಹಾಗೆ ಮಾಡ್ತೀಯ? ಅಂಥ ಗೆಡ್ಡೆಯಲ್ಲಿ ಅವು ಇರ್ತಾವೆ, ನರದ ಚೂರೂ ಇರುತ್ತೆ. ಆ ಚೂರಿನ ವಿರುದ್ಧ ಹುಟ್ಟಿದ ಪ್ರತಿಕಾಯವೇ ಮೆದುಳಿಗೆ ತಿರುಗಿದ್ದು. ಹಲ್ಲು ಅಂದ ತಕ್ಷಣ ನಾದಿನಿ, ಮಾಟ ಮಾಡಿಸಿದ್ದಕ್ಕೆ ಇದೇ ಸಾಕ್ಷಿ ಅಂದಳು. ಅಸಹ್ಯ. ನನ್ನ ಮೆಟ್ಟಿಲು ಹತ್ತಬೇಡ ಅಂತ ಹೇಳಿ ಕಳಿಸಿದೆ.

ಈಗ ಗುಣ ಆಗಿದೆ. ಪೂರ್ತಿ. ಗ್ರಾಹಕಗಳು ಮೇಲೆ ಬಂದಿವೆ, ಓಡಾಡ್ತಿವೆ. ಡಾಕ್ಟರು ಕೆಲಸಕ್ಕೆ ಹೋಗಲಿ ಅಂದಿದ್ದಾರೆ. ಹೋಗಲ್ಲ ಅನ್ನೋದು ಅವಳೇ. ಹೌದು, ಅವಳೇ. ನಾನ್ಯಾಕೆ ತಡೀಲಿ?

ಭಯ ಏನೈತೆ ಅಲ್ಲ, ಭಯ ಏನಿದೆ ಅನ್ನು. ನನಗೆ ಭಯ ಏನಿದೆ? ವಿಜ್ಞಾನ ಓದಿದವಳು ನಾನು. ಆದರೆ ಸಾಜಿದಾ, ಅವಳು ನನಗೆ ಅಂದ ಮಾತು ನೀನು ಕೇಳಿಲ್ಲ. ಸಿಸ್ಟರ್‌ಗಳ ಕೈಕೆಳಗೆ ಕಾನ್ವೆಂಟಲ್ಲಿ ಬೆಳೆದವಳು ನಾನು, ಅವಳನ್ನೂ ಅಲ್ಲೇ ಓದಿಸಿದೆ. ಅಂಥ ಮಾತು ಎಲ್ಲಿ ಕಲಿತಳು? ರೋಗದ ಮಾತು, ಗೊತ್ತು. ಗೊತ್ತು ನನಗೆ. ಮುಖಕ್ಕೆ ಉಗುಳಿದಳು. ಅದೂ ರೋಗವೇ. ಎಷ್ಟು ಸೋಪು ಹಚ್ಚಿ ತೊಳೆದರೂ ಈ ಕೆನ್ನೆ... ಇರಲಿ. ಮೊನ್ನೆ ನಗ್ತಾ ಬಂದು, "ಅಮ್ಮಾ, ಇನ್ನೊಂಚೂರು ಕಾಫಿ" ಅಂತ ಲೋಟ ಚಾಚಿದಳು. ಕುಡಿದ ಲೋಟ. ಕೈಗೆ ತಗೊಳ್ಳೋಕೆ... ಟೇಬಲ್ ಮೇಲಿಡು ಅಂದೆ. ಅಷ್ಟೇ. ಅದರಲ್ಲಿ ಅಳೋದೇನಿತ್ತು ಅವಳಿಗೆ?

ಏನು, ಸದ್ದಾ? ಗಾಳಿ. ಗಾಳಿಗೆ ಅವಳ ರೂಮಿನ ಬಾಗಿಲು ಬಡ್ಕೊಳ್ಳುತ್ತೆ. ನೀನು ಚಹಾ ಕುಡಿ, ಆರ್ತಾ ಇದೆ.

ಅಲ್ಲೇನು ನೋಡ್ತಿದೀಯ? ಚಿಲಕ. ಎಲ್ಲರ ಮನೆ ಬಾಗಿಲಿಗೂ ಇರುತ್ತೆ. ಹೊಸದು, ಹೌದು... ಬಡಗಿ ಜಯಪ್ಪ ಹಾಕಿಕೊಟ್ಟ. ಈಚೆ ಕಡೆಗೇ ಹಾಕು ಅಂತ ನಾನೇ ಹೇಳಿದ್ದು. ರಾತ್ರಿ ಮಾತ್ರ ಹಾಕ್ತೀನಿ.

ಈಗ ಹಗಲು. ನನಗೂ ಕಾಣುತ್ತೆ, ಸಾಜಿದಾ.

ಬೈಯೋದಿದ್ದರೆ ಬೈದುಬಿಡು. ಹಾಗೆ ಕೂತು ನನ್ನ ಮುಖ ನೋಡಬೇಡ.

...ಮಲಗಿಲ್ಲ ಅವಳು. ನೀನು ಬರ್ತೀಯ ಅಂತ ಬೆಳಿಗ್ಗೆಯಿಂದ ಬ್ಯಾಗು ತುಂಬಿಕೊಂಡು ಕೂತಿದಾಳೆ. ಚಿಲಕ ನೀನೇ ತೆಗಿ.

ಈಗಲ್ಲ, ಇರು. ನಾನು ಅಡುಗೆಮನೆಗೆ ಹೋದ ಮೇಲೆ ತೆಗಿ.