ಸಾಧು ಬೆಕ್ಕು

ಪಶುವೈದ್ಯರ ಕೋಣೆಯಿಂದ ಹೊರಬಂದ ಅಕ್ಕ ತಂಗಿ ನನ್ನ ಪಕ್ಕದ ಬೆಂಚಿನಲ್ಲೇ ಕೂತುಬಿಟ್ಟರು. ತಂಗಿಯ ಮಡಿಲಲ್ಲಿ ಬುಟ್ಟಿ, ಅದರೊಳಗೆ ಕಿವಿ ಮಡಚಿದ ಬೂದು ಬೆಕ್ಕು. ನನ್ನ ನಾಯಿಯ ಸರದಿ ಇನ್ನೂ ಬಂದಿರಲಿಲ್ಲ.

“ಬಾಲ ಮುಟ್ಟಿದ ಕೂಡ್ಲೇ ಹೇಗೆ ಕಿರುಚ್ತು ನೋಡಿದ್ಯಾ ಅಕ್ಕಾ? ಕೋಲಿನ ಹಾಗೆ ಬಿಗಿದುಕೊಂಡಿದೆ.”

“ಎಷ್ಟು ಸಾಧು, ಮೇಜು ಕೂಡ ಹತ್ತಲ್ಲ ಅಂತ ಬಂದೋರಿಗೆಲ್ಲ ಹೇಳಿಕೊಂಡು ಮೆರೆದ್ವಲ್ಲೇ.”

“ಗೋಡೆಗೊರಗಿ ಕಾಲು ಚಾಚಿ ಮನುಷ್ಯರ ಥರ ಕೂರ್ತಿತ್ತಲ್ಲ, ಅದೂ ನೋವಿಗೇನಾ?”

“ಅದೂ ನೋವಿಗೇ. ನಾವು ನಕ್ಕೊಂಡು ಫೋಟೊ ತೆಗೀತಿದ್ವಿ.”

“ಕಿವಿ ಮಡಚೋ ದೋಷವೇ ಕೀಲುಗಳನ್ನೂ ತಿನ್ನುತ್ತಂತೆ. ಹೆತ್ತವರಿಂದಲೇ ಬರೋದಂತೆ.”

ತಂಗಿ ಬುಟ್ಟಿಯೊಳಗೆ ಕೈಯಿಟ್ಟಳು. ಬೆಕ್ಕು ಬೆರಳು ನೆಕ್ಕಿತು.

“ಅಕ್ಕಾ, ಇದರ ಮರಿಗಳಲ್ಲಿ ಕಿವಿ ಮಡಚಿದ್ದನ್ನೇ ಆರಿಸಿ ಅಮ್ಮನಿಗೆ ಕೊಟ್ವಲ್ಲ.”

“ಹ್ಞೂಂ. ಚೆಂದ ಇದೆ ಅಂತ.”

“ನಿನ್ನೆ ಫೋನಿನಲ್ಲಿ ಅಮ್ಮ ಏನಂದ್ಲು ಗೊತ್ತಾ?”

“ಏನಂದ್ಲು?”

“‘ತಾಯಿಯಂತೆ ಮಗಳು ಕಣೇ, ಕುರ್ಚಿ ಸಹ ಹತ್ತಲ್ಲ’ ಅಂತ ಖುಷಿಪಟ್ಲು.”

ಇಬ್ಬರೂ ಎದ್ದರು. ಒಬ್ಬರ ಕೈಗೆ ಏನೇನೂ ಭಾರವಲ್ಲದ ಬುಟ್ಟಿಯನ್ನು ಅಲುಗದಂತೆ ಎರಡು ಕಡೆಯಿಂದ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದುಹೋದರು.